ಗಿರೀಶ, ಮೊದಲು ಕಾಪಿ ತೆಗಿ

ಹೋದ ವರ್ಷ ದಸರಾ ಮುಗಿದ ಮೇಲಿನ ಒಂದು ಶನಿವಾರ ನಡೆದದ್ದು. ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತೇನೆ. ಹತ್ತನೇ ಕ್ಲಾಸ್ ಫೇಲು. ಕಂಪ್ಯೂಟರ್ ನನ್ನ ಕೆಲಸ ಅಲ್ಲ. ಅದನ್ನು ನೋಡಿಕೊಳ್ಳುವವರು ಮಂಜುನಾಥ ಸಾರ್.

ಸಾರ್‌ಗೆ ಒಂದು ಅಭ್ಯಾಸ. ಕಂಪ್ಯೂಟರ್ ಕೈಕೊಟ್ಟಾಗಲೆಲ್ಲ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಪರದೆ ಮೇಲೆ ಏನು ಬಂತು, ಯಾವ ಕಮಾಂಡ್ ಹೊಡೆದರು, ಆಮೇಲೆ ಏನಾಯಿತು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ನನ್ನ ಕೈಯಲ್ಲೇ ಬರೆಸುತ್ತಿದ್ದರು. ಕಮಾಂಡ್ ಇಂಗ್ಲಿಷ್, ಮಿಕ್ಕಿದ್ದು ಕನ್ನಡ. ಏನೂ ಗೊತ್ತಿಲ್ಲದವನು ಬರೆದರೆ ಯಾರು ಬೇಕಾದರೂ ಓದಿಕೊಂಡು ಮಾಡಬಹುದು ಎನ್ನುತ್ತಿದ್ದರು. ನನಗೆ ತಲೆನೋವು. ಅರ್ಧ ಬರೆದು ಎದ್ದು ಹೋಗುತ್ತಿದ್ದೆ.

ಆ ಶನಿವಾರ ಸಾರ್ ಹೆಂಡತಿಗೆ ಹೆರಿಗೆ ನೋವು ಬಂದು ಅವರು ಆಸ್ಪತ್ರೆಯಲ್ಲಿದ್ದರು. ಫೋನ್ ಆಫ್. ಮಧ್ಯಾಹ್ನ ಎರಡಕ್ಕೆ ಪೆಟ್ಟಿಗೆಗೆ ಅಂಟಿಸುವ ಸ್ಟಿಕ್ಕರ್ ಪ್ರಿಂಟ್ ಆಗುವುದು ನಿಂತಿತು. ಯಾವ ಪೆಟ್ಟಿಗೆಯಲ್ಲಿ ಯಾವ ಸೈಜಿನ ಶರ್ಟ್ ಇದೆ ಎಂಬ ಪಟ್ಟಿ ಕಂಪ್ಯೂಟರ್ ಒಳಗೇ ಇರುವುದು. ಸ್ಟಿಕ್ಕರ್ ಇಲ್ಲದ ಪೆಟ್ಟಿಗೆಯನ್ನು ಲಾರಿಯವನು ಮುಟ್ಟುವುದಿಲ್ಲ. ಸಂಜೆ ಲೋಡ್ ಹೋಗದಿದ್ದರೆ ಭಾನುವಾರವೂ ಎಲ್ಲರೂ ಕೆಲಸಕ್ಕೆ ಬರಬೇಕು ಎಂದುಬಿಟ್ಟರು ಓನರ್.

ಭಾನುವಾರ ನಮ್ಮ ಟೈಲರ್ ಹೆಂಗಸರು ತಲಕಾಡಿಗೆ ಬಸ್ ಗೊತ್ತುಮಾಡಿದ್ದರು. ಆರು ತಿಂಗಳಿಂದ ಅದೇ ಮಾತು. ಗದಗ ಕಡೆಯ ಶಾಂತಕ್ಕ, ಅವರ ಸೂಪರ್‌ವೈಸರ್, ಬಂದು ನನ್ನ ಮುಂದೆ ನಿಂತರು.

“ತಮ್ಮಾ, ಹುಡುಗ್ಯಾರು ಆಗ್ಲೇ ಚೀಲಾ ತುಂಬಿ ಇಟ್ಟಾರ. ಆ ಬುಕ್ ನೀನ ಬರ್ದೀ ಅಲ್ಲ? ಹೆಂಗರ ಮಾಡು.”

“ಅಕ್ಕಾ, ನಾನು ಬರ್ದಿದ್ದು ನಂಗೇ ಅರ್ಥ ಆಗಲ್ಲ.”

“ಓದಿದ್ರ ಆಕ್ಕೈತಿ. ಕುಂದ್ರು.”

ಕೂತೆ. ಡಿಸ್ಕ್‌ನಲ್ಲಿ ಜಾಗ ಇಲ್ಲ ಎಂದು ಪರದೆ ಮೇಲಿತ್ತು. ಅದರ ಪುಟ ಸಿಕ್ಕಿತು. ಮೊದಲು ಪ್ರೋಗ್ರಾಂ ನಿಲ್ಲಿಸುವ ಕಮಾಂಡ್. ಆಮೇಲೆ ಸಾರ್ ಮಾಡಿಟ್ಟ ಒಂದು ಸ್ಕ್ರಿಪ್ಟ್, ಯಾವ ಫೋಲ್ಡರ್ ಎಷ್ಟು ಜಾಗ ತಿಂದಿದೆ ಎಂದು ಅದು ತೋರಿಸುತ್ತದೆ. ಕೊನೆಗೆ ನನ್ನ ಅಕ್ಷರದಲ್ಲಿ, ಜಾಸ್ತಿ ಜಾಗ ತಿಂದಿರೋ ಹಳೇ ಫೋಲ್ಡರ್ ಡಿಲೀಟ್ ಮಾಡು ಎಂದಿತ್ತು. ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಸಾರ್ ಅಕ್ಷರ: “ಗಿರೀಶ, ಇದನ್ನ ನೀನು ಬರೆಯಲ್ಲ ಅಂತ ಗೊತ್ತು. ಡಿಲೀಟ್ ಹೊಡೆಯೋಕೆ ಮೊದಲು ಕಾಪಿ ತೆಗಿ.” ಹೊರಗಿನ ಡಿಸ್ಕ್‌ಗೆ ಕಾಪಿ ತೆಗೆಯುವ ಕಮಾಂಡು, ವಾಪಸ್ ತರುವ ಕಮಾಂಡು ಎರಡನ್ನೂ ಅವರೇ ಬರೆದಿದ್ದರು.

ನನಗೆ ಸಿಟ್ಟು ಬಂತು. ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ, ಇದೊಂದು ಬೇರೆ. ಆದರೂ ಎಲ್ಲ ಫೋಲ್ಡರ್‌ಗಳ ಕಾಪಿ ತೆಗೆದೆ. ಅರ್ಧ ಗಂಟೆ ಹಿಡಿಯಿತು. ಆಮೇಲೆ ಎಲ್ಲಕ್ಕಿಂತ ದೊಡ್ಡ ಫೋಲ್ಡರ್ ಡಿಲೀಟ್ ಮಾಡಿ ಪ್ರೋಗ್ರಾಂ ಶುರು ಮಾಡಿದೆ.

ಪಟ್ಟಿ ಖಾಲಿ. ಒಂದು ಪೆಟ್ಟಿಗೆಯೂ ಇಲ್ಲ. ದೊಡ್ಡದು ಅಂತ ನೋಡಿದ್ದೆ, ಹಳೆಯದಾ ಅಂತ ನೋಡಿರಲಿಲ್ಲ. ಪೆಟ್ಟಿಗೆಗಳ ಪಟ್ಟಿಯನ್ನೇ ಅಳಿಸಿದ್ದೆ. ಏನಾಯಿತು ಎಂದು ಶಾಂತಕ್ಕ ಕೇಳಿದರು. ನೀರು ಕೊಡಿ ಎಂದೆ, ಅಷ್ಟೇ.

ಮತ್ತೆ ಪ್ರೋಗ್ರಾಂ ನಿಲ್ಲಿಸಿದೆ. ಈ ಸಲ ಹೆಸರು, ತಾರೀಖು ಬೆರಳಿಟ್ಟು ಓದಿ ಹಳೆಯದನ್ನು ಅಳಿಸಿದೆ. ಕಾಪಿಯಿಂದ ಪಟ್ಟಿಯನ್ನು ವಾಪಸ್ ತಂದೆ. ಪ್ರಿಂಟರ್ ಟಿರ್ರ್ ಅಂದು ಮೊದಲ ಸ್ಟಿಕ್ಕರ್ ಉಗುಳಿದಾಗ ಹೆಂಗಸರು ಹಾಕಿದ ಕೇಕೆಗೆ ಲಾರಿಯವನೇ ಓಡಿ ಬಂದ. ಐದೂವರೆಗೆ ಲೋಡ್ ಹೊರಟಿತು. ಏಳಕ್ಕೆ ಸಾರ್ ಫೋನ್ ಬಂತು, ಹೆಣ್ಣು ಮಗು.

ಭಾನುವಾರ ಬೆಳಗ್ಗೆ ಬಸ್ ದೀಪಾಂಜಲಿ ನಗರದಲ್ಲಿ ನಮ್ಮ ರಸ್ತೆ ತುದಿಗೆ ಬಂದು ನಿಂತಿತು. ನನ್ನನ್ನು ಹತ್ತಿಸಿಕೊಳ್ಳದೆ ಬಿಡಲಿಲ್ಲ. ನಲವತ್ತು ಹೆಂಗಸರು, ನಾನೊಬ್ಬ. ಮದ್ದೂರು ದಾಟುವವರೆಗೂ ಕುಣಿಸಿದರು.

ತಲಕಾಡಿನಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತಾಗ, ಪಟ್ಟಿ ಅಳಿಸಿಬಿಟ್ಟಿದ್ದ ನಿಜ ಹೇಳಿಬಿಟ್ಟೆ.

“ಹೊಳ್ಯಾಗ ನಿಂತು ಹೇಳ್ತೀಯಲ್ಲೋ, ಭಾಳ ಧೈರ್ಯ ಐತಿ ನಿನಗ” ಎಂದರು ಶಾಂತಕ್ಕ. ಮರುಕ್ಷಣ ಎಲ್ಲರೂ ಸೇರಿ ನನ್ನನ್ನು ನೀರಿಗೆ ಕೆಡವಿದರು.

ನಾನು ತಪ್ಪು ಮಾಡುತ್ತೇನೆ ಎಂದು ಗೊತ್ತಿದ್ದ ಸ್ಕೂಲ್ ಮೇಷ್ಟರು ಮೊದಲೇ ಕೋಲು ತೆಗೆದಿಡುತ್ತಿದ್ದರು. ಸಾರ್‌ಗೂ ಗೊತ್ತಿತ್ತು. ಅವರು ಒಂದು ಸಾಲು ಬರೆದಿಟ್ಟರು. ಒದ್ದೆ ಬಟ್ಟೆಯಲ್ಲಿ ಮರಳ ಮೇಲೆ ಕೂತು ಅದನ್ನೇ ಯೋಚಿಸುತ್ತಿದ್ದೆ, ನಗು ತಡೆಯಲಾಗಲಿಲ್ಲ. ಈಗಲೂ ಆಗುವುದಿಲ್ಲ.