ಹಲಸಿನ ಮರವಿಲ್ಲದ ಊರು

ಅತ್ತೆಯ ಮನೆಯ ಗೋಡೆಯ ಮೇಲಿನ ಪಟದಲ್ಲಿರುವ ಆ ಊರು ಎಲ್ಲೂ ಇರಲಿಲ್ಲ. ಅದನ್ನು ಕಂಪ್ಯೂಟರಿನ ಮುಂದೆ ಕೂತು ಮಾಡಿದವನು ನಾನು. ಮಾಡಿದ್ದು ತಪ್ಪಲ್ಲವೇನೋ — ಮಾಡಿದ್ದು ಎಂದು ಹೇಳದೆ ಹೋದೆ. ಅದೂ ಸಾಲದೆಂಬಂತೆ ಮತ್ತೊಂದು ಮಾತಾಡಿದೆ...

ಶಿರಸಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಬಾಗಿಲು ಹಾಕಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಬೀಗ ಬಿತ್ತೋ ಇಲ್ಲವೋ ಎಂದು ವಾಪಸ್ ಬಂದು ಜಗ್ಗಿ ನೋಡುವ ಜಾತಿ ನಾನು. ಇಂಥವನಿಗೆ ಅಷ್ಟು ದೊಡ್ಡ ಸುಳ್ಳು ಹೇಳುವ ಧೈರ್ಯ ಎಲ್ಲಿಂದ ಬಂತೋ!

ಸೋದರತ್ತೆಯನ್ನು ಕೊಟ್ಟದ್ದು ಯಲ್ಲಾಪುರದ ಕಡೆ, ಹೊಳೆದಂಡೆಯ ಊರಿಗೆ. ಅಣೆಕಟ್ಟಿನ ಹಿನ್ನೀರು ಬಂದು ಊರು ಮುಳುಗಿತು. ಒಂದು ಪಟವೂ ಉಳಿಯಲಿಲ್ಲ — ಆಗ ಯಾರ ಕೈಯಲ್ಲಿ ಕ್ಯಾಮೆರಾ ಇತ್ತು? ಮಾವ ತೀರಿಕೊಂಡ ಮೇಲೆ ನಮ್ಮವರಲ್ಲಿ ಆ ಊರನ್ನು ಪೂರ್ತಿ ನೆನಪಿಟ್ಟುಕೊಂಡವಳು ಅವಳೊಬ್ಬಳೇ. "ಒಂದ್ಸಲ ನೋಡವು ಕಾಣ್ತು ತಮಾ" ಎಂದು ಆಸೆಪಡುತ್ತಿದ್ದಳು. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಕೂತು ಎಲ್ಲ ಕೇಳಿಕೊಂಡೆ. ಗುಡ್ಡ, ಗದ್ದೆ, ಮನೆ. ಹೊರಟು ನಿಂತಾಗಲೂ ಹಿಂದಿನಿಂದ ಕೂಗಿದಳು: "ಹೊಳೆಗೆ ಇಳಿಯೋ ಜಾಗದಲ್ಲಿ ಹಲಸಿನ ಮರ, ಮರೆಯಡ."

ಹಿಂದೆ ತೆಗೆದ ಫೋಟೋಗಳಿಂದ ವಾನಳ್ಳಿಯ ಗುಡ್ಡ ತಂದೆ, ನಿಲ್ಕುಂದದ ಗದ್ದೆ, ತ್ಯಾಗಲಿಯ ಯಾರದೋ ಹೆಂಚಿನ ಮನೆ. ಒಂದಕ್ಕೊಂದು ಕೂಡಿಸಿದ ಅಂಚಿನಲ್ಲೆಲ್ಲ ಮಂಜು ಹಾಕಿ ಮುಚ್ಚಿದೆ. ಹಳೆಯದಾಗಿ ಕಾಣಲೆಂದು ಬಣ್ಣ ತೆಳುಮಾಡಿದೆ, ಒಂದೆರಡು ಗೀರು ಎಳೆದೆ. ಹಲಸಿನ ಮರ ಮಾತ್ರ ಕೂರಲೊಲ್ಲದು. ನನ್ನಲ್ಲಿದ್ದ ಮರದ ಮೇಲೆ ನಡುಹಗಲಿನ ಬಿಸಿಲು, ಗದ್ದೆಯ ಮೇಲೆ ಎಳೆಬಿಸಿಲು. ಎಷ್ಟು ತಿದ್ದಿದರೂ ಅಂಟಿಸಿದ್ದೆಂದು ಗೊತ್ತಾಗುತ್ತಿತ್ತು. ಬೆಳಿಗ್ಗೆ ಎದ್ದು ಹೋಗಿ ಬೇರೆ ಮರದ ಫೋಟೋ ತೆಗೆಯಬಹುದಿತ್ತು — ನಮ್ಮಲ್ಲಿ ಹಲಸಿಗೇನು ಬರವೇ? ಪಟ ಚೆಂದ ಬಂದಿತ್ತು. ಮರವನ್ನು ಕೈಬಿಟ್ಟೆ.

ಕಟ್ಟು ಹಾಕಿಸಿ ಕೊಟ್ಟಾಗ ಅತ್ತೆ ಸೆರಗಿನಿಂದ ಗಾಜು ಒರೆಸಿದಳು. ಒರೆಸುತ್ತಲೇ ಅತ್ತಳು.

"ಎಲ್ಲಿ ಸಿಕ್ತೋ ಇದು?"

ನಾನೇ ಮಾಡಿದ್ದು ಎನ್ನಲೆಂದೇ ಬಾಯಿ ತೆರೆದೆ. ಆ ಮುಖ ನೋಡಿ — ಇಲ್ಲ, ಅವಳಿಗಾಗಿ ಅಲ್ಲ, ಹುಡುಕಿ ತಂದವನೆಂಬ ಹೊಗಳಿಕೆ ನನಗೆ ಬೇಕಿತ್ತು. "ಯಾರದ್ದೋ ಹಳೇ ಪೆಟ್ಟಿಗೆಯಲ್ಲಿತ್ತು ಅತ್ತೆ" ಎಂದೆ.

ಅವಳ ಬೆರಳು ಹೊಳೆಯ ಅಂಚಿಗೆ ಬಂದು ನಿಂತಿತು. "ಹಲಸಿನ ಮರ ಕಾಣ್ತಿಲ್ಲೆ."

ಸಿಕ್ಕಿಬಿದ್ದೆ ಅನ್ನಿಸಿತು. "ಫೋಟೋ ಸುಳ್ಳು ಹೇಳ್ತಾ ಅತ್ತೆ? ನಿಂಗೇ ಮರ್ತೋಯ್ದು."

ಪಟವನ್ನು ಕಣ್ಣ ಹತ್ತಿರ ತಂದು ನೋಡಿದಳು. "ಹೌದನ..." ಎಂದಳು. "ವಯಸ್ಸಾತು ನೋಡು."

ಈ ಸಲ ಹಲಸಿನ ಕಾಲದಲ್ಲಿ ಅತ್ತೆಯ ಮಗಳು ಸವಿತಾ ಸ್ಟುಡಿಯೋಕ್ಕೆ ಬಂದಿದ್ದಳು. ಮಾತಿಗೆ ಮಾತು ಬಂದು ಹೇಳಿದಳು. ಅತ್ತೆಯ ಮೊದಲ ಕೂಸು ಹೆಸರಿಡುವ ಮುಂಚೆಯೇ ಹೋಗಿತ್ತಂತೆ. ಮಣ್ಣು ಮಾಡಿದ್ದು ಆ ಮರದ ಬುಡದಲ್ಲಿ. ಊರು ಬಿಟ್ಟ ಮೇಲೂ ಪ್ರತಿವರ್ಷ ಮೊದಲ ಹಣ್ಣು ಒಡೆದಾಗ ಅತ್ತೆ ಒಂದು ತೊಳೆಯನ್ನು ಬಾಳೆಎಲೆಯ ಚೂರಿನಲ್ಲಿಟ್ಟುಕೊಂಡು, ಯಾರಿಗೂ ಏನೂ ಹೇಳದೆ, ಹಿತ್ತಿಲಿಗೆ ಹೋಗಿ ಇಟ್ಟು ಬರುತ್ತಿದ್ದಳಂತೆ.

"ಫೋಟೋ ಬಂದ್ಮೇಲೆ ಆಯಿ ಅದನ್ನ ಬಿಟ್ಟೇಬಿಟ್ಟಿದ್ದು ಭಾವ. ಕೇಳಿದ್ರೆ, ‘ಅಲ್ಲಿ ಮರವೇ ಇತ್ತಿಲ್ಲೆ, ಎಂತೋ ಕನಸಿಕ್ಕು’ ಹೇಳ್ತು."

ಗ್ಯಾಸು ಬಂದ್ ಮಾಡಿದೆನೋ ಇಲ್ಲವೋ ಎಂದು ಸಾವಿರ ಸಲ ಹೆದರಿದವನು ನಾನು. ಇದೊಂದಕ್ಕೆ ಹೆದರಬೇಕೆಂದು ಯಾವತ್ತೂ ಹೊಳೆದಿರಲಿಲ್ಲ.

ಕಳೆದ ವಾರ ಅತ್ತೆಯ ಮನೆಗೆ ಹೋಗಿ ಎಲ್ಲ ಹೇಳಿದೆ. ಗುಡ್ಡ ಎಲ್ಲಿಯದು, ಗದ್ದೆ ಎಲ್ಲಿಯದು, ಮರ ಯಾಕೆ ಇಲ್ಲ. ಬೈಯುತ್ತಾಳೆಂದು ತಲೆ ತಗ್ಗಿಸಿ ಕೂತಿದ್ದೆ. ಬೈಯಲಿಲ್ಲ. ಗೋಡೆ ನೋಡಿದಳು, ನನ್ನನ್ನು ನೋಡಿದಳು.

"ಹಂಗಾರೆ ಮರ ಇತ್ತನೋ?"

ಕೇಳುತ್ತಿದ್ದುದು ನನ್ನನ್ನು — ಆ ಊರನ್ನು ಕಣ್ಣಾರೆ ಕಾಣದ ನನ್ನನ್ನು.

"ಇತ್ತು ಅತ್ತೆ. ನೀನೇ ಹೇಳಿದ್ದೆ."

"ಹೌದನ..." ಎಂದಳು, ಅಂದಿನ ಅದೇ ದನಿಯಲ್ಲಿ. ಎದ್ದು ಪಟವನ್ನಿಳಿಸಿ ನನ್ನ ತೊಡೆಯ ಮೇಲಿಟ್ಟಳು. "ಎಲ್ಲಿತ್ತು, ತೋರ್ಸು."

ಹೊಳೆಯ ಅಂಚಿಗೆ ಬೆರಳು ಒಯ್ದೆ. ಅಲ್ಲಿ ನಾನು ಹಾಕಿದ ಮಂಜು ಮಾತ್ರ ಇತ್ತು.