ಕೌಸಲ್ಯಕ್ಕನ ಅಂಗಳದ ಎರಡು ಬೋರ್ಡು

ಕೌಸಲ್ಯಕ್ಕನ ಬಾಯಿಗೆ ‘ಇಲ್ಲ’ ಅನ್ನೋ ಮಾತೇ ಬರೋದಿಲ್ಲ. ಅದು ಅವರ ದೊಡ್ಡ ಗುಣ ಅಂತ ಮೂವತ್ತು ವರ್ಷ ಊರೆಲ್ಲ ಹೊಗಳಿಕೊಂಡು ಬಂದವಳು ನಾನೇ. ಹೋದ ಅಕ್ಟೋಬರಿನಲ್ಲಿ ಅದೇ ಗುಣಕ್ಕೆ ನನ್ನ ಮೈಯೆಲ್ಲ ಉರಿದುಹೋಯಿತು.

ಅಕ್ಕ ಅಂದರೆ ಒಡಹುಟ್ಟಿದವರಲ್ಲ. ನಾನು ಹಫೀಜಾ, ಮೈಸೂರಿನ ಮಂಡಿ ಮೊಹಲ್ಲಾದವಳು. ಅವರು ಅಗ್ರಹಾರದವರು. ಅಲ್ಲಿ ಒಂದೇ ಊರಿನಲ್ಲಿದ್ದೂ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಇಲ್ಲಿ ನ್ಯೂಜೆರ್ಸಿಗೆ ಬಂದು, ಅಂಗಡಿಯಲ್ಲಿ ಉಳಿದಿದ್ದ ಒಂದೇ ಒಂದು ಕಟ್ಟು ನುಗ್ಗೆಕಾಯಿಗೆ ಇಬ್ಬರೂ ಕೈ ಹಾಕಿದೆವು. “ನೀವೇ ತಗೊಳ್ಳಿ” ಅಂದರು. ನಾನು ನಾಚಿಕೆಯಿಲ್ಲದೆ ತಗೊಂಡೆ.

ಅವರದು ಸ್ಕೂಲಿನ ಮುಂದೆ ಹಳದಿ ಜಾಕೆಟ್ ಹಾಕಿ, ಸ್ಟಾಪ್ ಬೋರ್ಡ್ ಹಿಡಿದು ಮಕ್ಕಳನ್ನು ರಸ್ತೆ ದಾಟಿಸೋ ಕೆಲಸ. ಮಳೆಯಿರಲಿ, ಹಿಮವಿರಲಿ, ಹತ್ತೊಂಬತ್ತು ವರ್ಷ. ಗಂಡ ಗಣಪತಿಯವರಿಗೆ ದೊಡ್ಡ ಕೆಲಸವೇ ಇತ್ತು, ಆದರೂ ಆ ಟೌನಿನಲ್ಲಿ ಎಲ್ಲರಿಗೂ ಗೊತ್ತಿರೋದು ಅಕ್ಕನೇ.

ನವರಾತ್ರಿಗೆ ಅವರ ಮನೆಯಲ್ಲಿ ಗೊಂಬೆ ಕೂರಿಸುತ್ತಾರೆ. ಮೇಲಿನ ಮೆಟ್ಟಿಲು ಪಟ್ಟದ ಗೊಂಬೆಗಳಿಗೆ, ಅಂದರೆ ಮದುವೆಯಲ್ಲಿ ತವರಿನವರು ಕೊಟ್ಟ ಮರದ ರಾಜ-ರಾಣಿಗೆ. ಅವರು ಕೂರೋ ಪುಟ್ಟ ಸಿಂಹಾಸನ ಮಾತ್ರ ನಮ್ಮ ಅಬ್ಬಾ ಬೀಟೆ ಮರದಲ್ಲಿ ಮಾಡಿಕೊಟ್ಟಿದ್ದು. ಅಕ್ಕನ ಕಪಾಟು ಗೊಂಬೆಗಳಿಗೇ ಸಾಲದು, ಬೇಸ್‌ಮೆಂಟಿಗೆ ಮಳೆ ಬಂದರೆ ನೀರು ನುಗ್ಗುತ್ತೆ. ಮರ ಕೆಟ್ಟೀತು ಅಂತ ಸಿಂಹಾಸನ ವರ್ಷವಿಡೀ ಕೆಂಡಲ್ ಪಾರ್ಕಿನ ನಮ್ಮ ಮನೆಯ ಕ್ಲಾಸೆಟ್ಟಿನಲ್ಲಿರುತ್ತೆ. ಮೊದಲ ದಿನ ಬೆಳಗ್ಗೆ ನಾನು ತಗೊಂಡು ಹೋದ ಮೇಲೇ ರಾಜ-ರಾಣಿ ಕೂರೋದು. ಇಪ್ಪತ್ತೇಳು ವರ್ಷದಿಂದ ಇದೇ ಪದ್ಧತಿ.

ಈ ಸಲ ಹಬ್ಬಕ್ಕೆ ಮೂರು ದಿನ ಇರುವಾಗ ಮಗಳು ಝೋಯಾ ಫೋಟೋ ಕಳಿಸಿದಳು. ಅಕ್ಕನ ಮನೆ ಮುಂದಿನ ಹುಲ್ಲಿನಲ್ಲಿ ಕೆಂಪು ಎಲೆಕ್ಷನ್ ಬೋರ್ಡು! ನಮ್ಮ ಮಸೀದಿಗೆ ಇನ್ನೊಂದು ಕೋಣೆ ಕಟ್ಟೋಕೆ ಅರ್ಜಿ ಹಾಕಿದಾಗ ಮೀಟಿಂಗಿನಲ್ಲಿ ಎದ್ದು, “ಇವರು ನಮ್ಮ ಊರನ್ನೇ ಬದಲಾಯಿಸಿಬಿಡ್ತಾರೆ” ಅಂದಿದ್ದನಲ್ಲ, ಆ ಪುಣ್ಯಾತ್ಮನ ಹೆಸರು ಅದರ ಮೇಲೆ.

“ಏನೋ ತಪ್ಪಾಗಿರಬೇಕು ಕಣೇ” ಅಂದೆ.

“ಮಾಮ್, ಲಾನ್ ಸೈನ್ ಈಸ್ ಎ ಸ್ಟೇಟ್‌ಮೆಂಟ್” ಅಂದಳು. ಅಂಗಳದಲ್ಲಿ ಬೋರ್ಡು ನೆಟ್ಟರೆ ಆ ಮನೆಯವರ ಬೆಂಬಲ ಅವನಿಗೇ ಅಂತ ಇಲ್ಲಿನ ಲೆಕ್ಕ.

ನನ್ನ ಗಂಡ ಮಂಜೂರ್‌ಗೆ ತೋರಿಸಿದೆ. ಅವರು ಫೋಟೋ ನೋಡಿದರು, ಗೋಡೆ ನೋಡಿದರು. ಆಮೇಲೆ ಮೆಲ್ಲಗೆ, “ಟ್ಯಾಕ್ಸ್ ಇಳಿಸ್ತಾರೆ ಅಂತ ಹೋದ ಸಲ ನಾನೂ ಆ ಪಾರ್ಟಿಗೇ ವೋಟು ಹಾಕಿದ್ದೆ” ಅಂದರು. ಯಾ ಅಲ್ಲಾ! ಯಾರ ಮೇಲೆ ಕೋಪ ಮಾಡಿಕೊಳ್ಳಲಿ? ಗಂಡನ ಜೊತೆ ಒಂದೇ ಮನೆಯಲ್ಲಿ ಇರಬೇಕಲ್ಲ, ಹಾಗಾಗಿ ಅಕ್ಕನ ಮೇಲೆ ಮಾಡಿಕೊಂಡೆ. ಹಬ್ಬದ ದಿನ ಹೋಗಲಿಲ್ಲ. ಅವರ ಫೋನೂ ಎತ್ತಲಿಲ್ಲ.

ಮೂರನೇ ದಿನ ಗಣಪತಿಯವರು ಫೋನ್ ಮಾಡಿದರು. “ಹಫೀಜಾ, ಇವಳು ರಾಜ-ರಾಣೀನ ಬಟ್ಟೆಯಿಂದ ಬಿಚ್ಚೇ ಇಲ್ಲಮ್ಮ. ಮೇಲಿನ ಮೆಟ್ಟಿಲು ಖಾಲಿ. ಪಟ್ಟದ ಗೊಂಬೆ ಇಲ್ಲದ ಮೇಲೆ ಅದೇನು ಹಬ್ಬ ಅಂತ ಅಳ್ತಾಳೆ.”

ಜಗಳ ಮಾಡೋಕೆಂದೇ ಹೊರಟೆ. ಸಿಂಹಾಸನ ಹಿಂದಿನ ಸೀಟಿನಲ್ಲಿಟ್ಟುಕೊಂಡೆ. ಯಾಕಿಟ್ಟುಕೊಂಡೆನೋ ನನಗೇ ಗೊತ್ತಿಲ್ಲ.

ಹೋಗಿ ನೋಡಿದರೆ ಅಂಗಳದಲ್ಲಿ ಬೋರ್ಡು ಒಂದಲ್ಲ, ಎರಡು. ಆ ಕಡೆ ಕೆಂಪು, ಈ ಕಡೆ ಎದುರು ಪಾರ್ಟಿಯ ನೀಲಿ. ನಡುವಿನ ಸಿಮೆಂಟ್ ದಾರಿಯಲ್ಲಿ ಅಕ್ಕ ಚೆಂದಾಗಿ ರಂಗೋಲಿ ಬಿಟ್ಟಿದ್ದಾರೆ. ಕಾರಿಳಿದು ಸೀದಾ ಒಳಗೆ ಹೋದೆ.

“ಏನಕ್ಕ ಇದು?”

“ಎದುರುಮನೆ ರಾನ್ ಬಂದು ಕೇಳಿದ ಕಣೇ. ಹಿಮ ಬಿದ್ದಾಗಲೆಲ್ಲ ನಮ್ಮ ಡ್ರೈವ್‌ವೇಯಿಂದ ಅದನ್ನ ಗೋರಿ ತೆಗೆಯೋನು ಅವನು. ಕಾಫಿ ಕೊಟ್ಟು, ಹಾಕ್ಕೋಪ್ಪ ಅಂದೆ. ಮಾರನೇ ವಾರ ಹಿಂದಿನ ಬೀದಿಯ ಮಹೇಶನ ಮಗ ವಿಕ್ರಾಂತ್ ನೀಲಿದು ತಂದ. ನಾನೇ ರಸ್ತೆ ದಾಟಿಸಿದ ಮಗು ಅದು. ಇಲ್ಲ ಅನ್ನೋದು ಹ್ಯಾಗೆ?”

“ರಾನ್ ತಂದ ಬೋರ್ಡಲ್ಲಿರೋನು ನಮ್ಮನ್ನ ಏನಂದ ಗೊತ್ತಾ?”

ಗೊತ್ತಿರಲಿಲ್ಲ. ಹೇಳಿದೆ. ಅಕ್ಕ ಸೋಫಾ ಮೇಲೆ ಕೂತುಬಿಟ್ಟರು.

“ಅದಿರಲಿ, ನಿಮ್ಮ ವೋಟು ಯಾರಿಗೆ? ಅದನ್ನಾದರೂ ಹೇಳಿ!” ನನ್ನ ದನಿ ಏರಿತ್ತು.

“ನನಗೆಲ್ಲಿದೆಯೇ ವೋಟು? ನಾನಿನ್ನೂ ಗ್ರೀನ್ ಕಾರ್ಡಲ್ಲೇ ಇದೀನಲ್ಲ.”

ಮೂವತ್ತು ವರ್ಷದ ಸ್ನೇಹ, ನನಗೆ ಈ ವಿಷಯ ಗೊತ್ತಿಲ್ಲ! ಗಣಪತಿಯವರು ಯಾವತ್ತೋ ಸಿಟಿಜನ್ ಆಗಿದ್ದಾರೆ. ಅವರ ಹೊಸ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಜಾಗ ಅನ್ನೋ ಕಡೆ ಬರೀ ಇಂಡಿಯಾ ಅಂತ ಇತ್ತಂತೆ. “ನನ್ನ ಹಳೇದ್ರಲ್ಲಿ ಮೈಸೂರು ಅಂತ ಇದೆ ಕಣೇ. ಅದನ್ನ ಕೊಟ್ಟು ಇದನ್ನ ತಗೊಳ್ಳೋಕೆ ಮನಸ್ಸೇ ಬರಲಿಲ್ಲ” ಅಂದರು.

ನನ್ನ ಅಮೆರಿಕನ್ ಪಾಸ್‌ಪೋರ್ಟಿನಲ್ಲಿ ಏನಿದೆ ಅಂತ ನಾನು ನೋಡಿಯೇ ಇರಲಿಲ್ಲ. ಅಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಊರಿಗಾಗಿ ವೋಟು ಬಿಟ್ಟವರು, ಆ ಊರಿನವಳೇ ಆದ ನನ್ನನ್ನ ಒಂದು ಮಾತು ಕೇಳದೆ ಅಂಥವನ ಬೋರ್ಡು ನೆಡಿಸಿಕೊಂಡಿದ್ದಾರೆ!

“ಎಲ್ಲರಿಗೂ ಹೂಂ ಅಂದರೆ, ಯಾರಿಗೋ ಒಬ್ಬರಿಗೆ ಅದು ಚುಚ್ಚುತ್ತೆ ಅಕ್ಕ” ಅಂದೆ. ಅಳು ಬಂದುಬಿಟ್ಟಿತು.

ಅಕ್ಕ ಎದ್ದು ಒಂದು ತಟ್ಟೆಗೆ ಕಡಲೆಕಾಳು ಉಸಲಿ ಹಾಕಿಕೊಂಡರು. ಹೊರಗೆ ಹೋಗಿ ಮೊದಲು ಕೆಂಪು ಬೋರ್ಡು ಕಿತ್ತರು. ನೀಲಿಯದನ್ನೂ ಕಿತ್ತು ಗರಾಜಿನ ಗೋಡೆಗೆ ಒರಗಿಸಿದರು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ರಾನ್‌ನ ಬೋರ್ಡು ಹಿಡಿದು ರಸ್ತೆ ದಾಟಿದರು. ಹತ್ತೊಂಬತ್ತು ವರ್ಷ ಊರ ಮಕ್ಕಳನ್ನೆಲ್ಲ ದಾಟಿಸಿದವರು, ಅವತ್ತು ಆ ಕಡೆ ಈ ಕಡೆ ನೋಡಲೇ ಇಲ್ಲ. ಕಿಟಕಿಯಲ್ಲಿ ನಿಂತ ನಾನೇ ಅವರ ಬದಲು ಎರಡೂ ಕಡೆ ನೋಡಿದೆ.

ತಟ್ಟೆ ಖಾಲಿ ಮಾಡಿಕೊಂಡು ವಾಪಸ್ ಬಂದರು.

“ಏನಂದ?”

“ಓಕೆ ಅಂದ.”

“ಓಕೆ ಅಂದರೆ?”

“ಯಾರಿಗೆ ಗೊತ್ತು? ಹಿಮ ಬೀಳಲಿ, ತಿಳಿಯುತ್ತೆ. ಮೊದಲು ಹೋಗಿ ಸಿಂಹಾಸನ ತಗೊಂಬಾ.”

ಕಾರಲ್ಲಿದೆ ಅಂತ ನಾನು ಹೇಳೇ ಇರಲಿಲ್ಲ.

ಡಿಸೆಂಬರಿನಲ್ಲಿ ಮೊದಲ ಹಿಮ ಬಿತ್ತು. ನಮ್ಮ ಮನೆಯದು ತೆಗೆಯೋಕೆ ಮುಂಚೆ ಅಕ್ಕನಿಗೆ ಫೋನ್ ಮಾಡಿದೆ.

“ರಾನ್ ತೆಗೆದಿದಾನೆ ಕಣೇ, ನಾವು ಏಳೋ ಹೊತ್ತಿಗೇ. ಕಾಫಿಗೆ ಕರೆದೆ, ಬರಲಿಲ್ಲ. ಕೈಯೂ ಬೀಸಲಿಲ್ಲ.”

“ಮತ್ತೆ?”

“ಮತ್ತೇನು, ಫ್ಲಾಸ್ಕಿಗೆ ಹಾಕಿ ಅವನ ಬಾಗಿಲಲ್ಲಿಟ್ಟು ಬಂದೆ.”

ನನಗೆ ಆ ಮನುಷ್ಯನೂ ಅರ್ಥವಾಗಲಿಲ್ಲ, ಈ ಅಕ್ಕನೂ ಅರ್ಥವಾಗಲಿಲ್ಲ. ಫ್ಲಾಸ್ಕು ಇನ್ನೂ ವಾಪಸ್ ಬಂದಿಲ್ಲ. ನಾನೇ ದಿನಾ ಫೋನ್ ಮಾಡಿ, ಬಂತಾ ಅಂತ ಕೇಳುತ್ತೇನೆ.