ಕೆಳದನಿ ಮಾತ್ರ ಗೊತ್ತಿದ್ದ ಹಾಡು

ಇದು ಹೋದ ವರ್ಷದ ಬೇಸಿಗೆಯ ಮಾತು. ಹೈದರಾಬಾದಿನಲ್ಲಿ ಎಂ.ಎಸ್ಸಿ. ಮುಗಿಸಿ ಶಹಾಬಾದಿನ ನಮ್ಮ ಮನೆಗೆ ಮರಳಿ ವರ್ಷ ತುಂಬುತ್ತ ಬಂದಿತ್ತು. ವಾಡಿಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆ ಬರುವುದು, ಭಾನುವಾರ ಚರ್ಚಿಗೆ ಹೋಗುವುದು, ಇಷ್ಟೇ ನನ್ನ ಬದುಕು. ಹೆಚ್ಚು ಮಾತಾಡುವ ಸ್ವಭಾವ ನನ್ನದಲ್ಲ. ಈ ಘಟನೆಯನ್ನೂ ಮನೆಯವರನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಮೊದಲು ಹೈದರಾಬಾದಿನ ಕೊನೆಯ ವರ್ಷದ ಬಗ್ಗೆ ಹೇಳಬೇಕು. ಆ ವರ್ಷ ನಾನು ಕ್ರೈಸ್ತ ವಿದ್ಯಾರ್ಥಿಗಳ ಆರಾಧನಾ ತಂಡದಲ್ಲಿ ಹಾಡುತ್ತಿದ್ದೆ. ನಾವು ಆರು ಜನ, ಒಬ್ಬೊಬ್ಬರದೂ ಒಂದೊಂದು ಭಾಷೆ. ತಮಿಳು, ತೆಲುಗು, ಮಲಯಾಳಂ, ನಾಗಾಲ್ಯಾಂಡಿನ ಒಬ್ಬ ಹುಡುಗ, ಮಿಜೋರಾಮಿನ ಮಾವಿ, ಮತ್ತು ಕನ್ನಡದ ನಾನು. ತಂಡದಲ್ಲಿ ಒಂದು ಪದ್ಧತಿಯಿತ್ತು. ಹಾಡು ಯಾರ ಭಾಷೆಯದೋ ಅವರು ಮುಖ್ಯ ರಾಗ ಹಾಡಬೇಕು. ಉಳಿದವರು ಅದಕ್ಕೆ ಹೊಂದುವ ಬೇರೆ ದನಿಗಳನ್ನು ಹಾಡಬೇಕು. ನನ್ನ ಗಂಟಲು ತಗ್ಗಿನದು. ಹಾಗಾಗಿ ನನಗೆ ಯಾವಾಗಲೂ ಕೆಳದನಿಯೇ ಬರುತ್ತಿತ್ತು. ಆ ದನಿಯನ್ನು ಒಂಟಿಯಾಗಿ ಕೇಳಿದರೆ ಹಾಡು ಎನ್ನಿಸುವುದಿಲ್ಲ, ಯಾರೋ ರಾಗ ತಪ್ಪಿ ಗುನುಗುತ್ತಿರುವಂತೆ ಇರುತ್ತದೆ. ಮೇಲಿನ ದನಿ ಬಂದು ಕೂಡಿದಾಗ ಮಾತ್ರ ಅದಕ್ಕೆ ಅರ್ಥ.

ಆ ವರ್ಷದ ನಡುವೆ ಮಾವಿಯ ಅಜ್ಜಿ ತೀರಿಕೊಂಡರು. ಪರೀಕ್ಷೆ ಇದ್ದುದರಿಂದ ಅವಳಿಗೆ ಊರಿಗೆ ಹೋಗಲು ಆಗಲಿಲ್ಲ. ಅವಳು ಅತ್ತಿದ್ದು ಸಾವಿಗಿಂತ ಹೆಚ್ಚಾಗಿ ಇನ್ನೊಂದು ಕಾರಣಕ್ಕೆ. ಅವರ ಕಡೆ ಸಾವಾದ ಮನೆಗೆ ಊರವರೆಲ್ಲ ಬಂದು ಕುಳಿತು ಹಾಡುತ್ತಾರಂತೆ. ದುಃಖದಲ್ಲಿರುವವರು ಹಾಡಲೇಬೇಕೆಂದಿಲ್ಲ, ಬಂದವರು ಹಾಡಬೇಕು. ಹಾಡಿಲ್ಲದೆ ಯಾರನ್ನೂ ಕಳಿಸುವುದಿಲ್ಲ. ಅಲ್ಲಿ ಎಲ್ಲರೂ ಹಾಡುತ್ತಿದ್ದಾರೆ, ಇಲ್ಲಿ ನಾನೊಬ್ಬಳೇ ಸುಮ್ಮನೆ ಕುಳಿತಿದ್ದೇನೆ ಎಂದಳು. ಅಂದು ಸಂಜೆ ನಾವು ಐವರೂ ಅವಳನ್ನು ನಡುವೆ ಕೂರಿಸಿಕೊಂಡು ಅವಳೇ ಹೇಳಿಕೊಟ್ಟ ಮಿಜೋ ಹಾಡು ಹಾಡಿದೆವು. ನಾನು ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಕಲಿತೆ. ಅರ್ಧಕ್ಕೆ ಮಾವಿಯ ದನಿ ಕಟ್ಟಿತು. ಉಳಿದವರೂ ಒಬ್ಬೊಬ್ಬರಾಗಿ ನಿಂತುಬಿಟ್ಟರು. ಹಾಡುತ್ತಿದ್ದವಳು ನಾನೊಬ್ಬಳೇ. ನಮ್ಮ ತಂಡದ ಮುಂದಾಳು ಕಣ್ಸನ್ನೆ ಮಾಡಿ ನಿಲ್ಲಿಸಬೇಡ ಎಂದ. ಸ್ವಲ್ಪ ಹೊತ್ತಿಗೆ ಮಾವಿ ಕಣ್ಣೊರೆಸಿಕೊಂಡು ಮತ್ತೆ ಬಂದು ಸೇರಿದಳು. ಮೇಲಿನ ದನಿ ನಿಂತರೂ ಕೆಳಗಿನದು ನಿಲ್ಲಬಾರದು, ಬರುವವರಿಗೆ ಕಾಲಿಡಲು ಜಾಗ ಬೇಕಲ್ಲ ಎಂದು ಆಮೇಲೆ ಆತ ಹೇಳಿದ.

ಊರಿಗೆ ಬಂದ ಮೇಲೆ ಇದೆಲ್ಲ ಉಪಯೋಗಕ್ಕೆ ಬರಲಿಲ್ಲ. ನಮ್ಮ ಚರ್ಚಿನಲ್ಲಿ ಎಲ್ಲರೂ ಒಂದೇ ರಾಗದಲ್ಲಿ, ಢೋಲಕ್ ತಾಳದ ಜೊತೆ, ಗಟ್ಟಿಯಾಗಿ ಹಾಡುತ್ತಾರೆ. ಮೊದಲ ಭಾನುವಾರ ನಾನು ಅಭ್ಯಾಸಬಲದಿಂದ ಕೆಳದನಿ ಹಿಡಿದೆ. ಮುಂದಿನ ಸಾಲಿನಲ್ಲಿದ್ದ ನಮ್ಮ ಸೋದರತ್ತೆ ತಿರುಗಿ ನೋಡಿದರು. ಪ್ರಾರ್ಥನೆ ಮುಗಿದ ಮೇಲೆ ಎಲ್ಲರ ಮುಂದೆ, “ರಾಗ ತಪ್ಪಲಿಕತ್ತದ ನೋಡು ತಂಗಿ. ಹೈದರಾಬಾದಿಗಿ ಹೋಗಿ ಇದೇ ಕಲ್ತು ಬಂದಿಯೇನು?” ಎಂದು ನಕ್ಕರು. ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ. ಆದರೂ ಅಂದಿನಿಂದ ನಾನು ಕೊನೆಯ ಸಾಲಿಗೆ ಹೋದೆ, ಹಾಡುವುದನ್ನು ಬಿಟ್ಟೆ. ತಂಡದವರ ಫೋನುಗಳೂ ಕ್ರಮೇಣ ಕಡಿಮೆಯಾದವು. ಆ ವರ್ಷ ಅಲ್ಲಿಗೇ ಮುಗಿಯಿತು ಎಂದುಕೊಂಡಿದ್ದೆ.

ಆ ಬೇಸಿಗೆಯ ಒಂದು ದಿನ ಶಾಲೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ಪಾಸ್ಟರ್ ಫೋನು ಮಾಡಿದರು. ಮುಂಬೈಯಿಂದ ಹೈದರಾಬಾದಿಗೆ ಹೋಗುವ ರೈಲಿನಲ್ಲಿ ಒಬ್ಬ ಯುವಕ ತೀರಿಕೊಂಡಿದ್ದಾನೆ, ಬೆಳಿಗ್ಗೆ ವಾಡಿಯಲ್ಲಿ ಇಳಿಸಿದ್ದಾರೆ, ಜೊತೆಯಲ್ಲಿ ಅಕ್ಕ ಒಬ್ಬಳೇ ಇದ್ದಾಳೆ, ಚೀಲದಲ್ಲಿ ಬೈಬಲ್ ಕಂಡದ್ದರಿಂದ ಪೊಲೀಸರು ತಮಗೆ ತಿಳಿಸಿದರು ಎಂದರು. ಹುಡುಗಿ ಯಾರ ಜೊತೆಗೂ ಮಾತಾಡುತ್ತಿಲ್ಲ, ನೀನು ಅಂಥವರ ಜೊತೆ ಓದಿದವಳು, ವಾಡಿಯ ಆಸ್ಪತ್ರೆಗೆ ಬಾ ಎಂದರು. ‘ಅಂಥವರು’ ಎಂದರೆ ಈಶಾನ್ಯದ ಕಡೆಯವರು ಎಂದು ಊಹಿಸಿಕೊಂಡೆ. ಪತ್ರಿಕೆಗಳನ್ನು ಕಪಾಟಿನಲ್ಲಿಟ್ಟು ಹೋದೆ.

ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಶವವಿತ್ತು. ಸುತ್ತ ಐಸು ಇಟ್ಟಿದ್ದರು. ವಾಡಿಯ ಬಿಸಿಲು ಗೊತ್ತಿದ್ದವರಿಗೆ ಐಸು ಎಷ್ಟು ಹೊತ್ತು ಇದ್ದೀತು ಎಂದು ಹೇಳಬೇಕಿಲ್ಲ. ಪೊಲೀಸರ ಕೆಲಸ ಮುಗಿದಿತ್ತು. ಹುಡುಗನಿಗೆ ಕ್ಯಾನ್ಸರ್ ಇತ್ತು. ಮುಂಬೈಯ ಡಾಕ್ಟರರು ಇನ್ನು ಮನೆಗೆ ಕರೆದೊಯ್ಯಿರಿ ಎಂದು ಕಳಿಸಿದ್ದರು. ಹೈದರಾಬಾದಿನಲ್ಲಿ ಅವರ ಸಂಬಂಧಿಕರೊಬ್ಬರು ಇದ್ದರು, ಅಲ್ಲಿಂದ ವಿಮಾನದಲ್ಲಿ ಮಿಜೋರಾಮಿಗೆ ಒಯ್ಯುವ ವ್ಯವಸ್ಥೆ ಅವರು ಮಾಡಿದ್ದರು. ಅಂಬುಲೆನ್ಸ್ ಬಾಗಿಲಲ್ಲೇ ಇತ್ತು. ಆದರೆ ಶವ ಎತ್ತಲು ಹೋದಾಗಲೆಲ್ಲ ಅಕ್ಕ ತಮ್ಮನ ಎರಡೂ ಪಾದಗಳನ್ನು ಹಿಡಿದುಕೊಂಡು ಬಿಡುತ್ತಿರಲಿಲ್ಲ. ಅವಳ ಹೆಸರು ಸಾಂಗಿ ಎಂದು ಪಾಸ್ಟರ್ ಹೇಳಿದರು. ಹೆಚ್ಚೂಕಡಿಮೆ ನನ್ನದೇ ವಯಸ್ಸು.

ಆಸ್ಪತ್ರೆಯ ಆಯಾ ನಾಗಮ್ಮ ಬಾಗಿಲಲ್ಲಿ ನನ್ನನ್ನು ತಡೆದು ಹೇಳಿದಳು: “ಮುಂಜಾನಿಂದ ಒಂದು ಗುಟುಕು ನೀರು ಸುದ್ದಾ ಕುಡಿದಿಲ್ರಿ ಟೀಚರ್. ಏನು ಕೇಳಿದ್ರೂ ಗಾನಾ, ಗಾನಾ ಅಂತಾಳ. ತಲಿ ಕೆಟ್ಟಂಗಾಗ್ಯದ, ಪಾಪ.”

ಅಂಬುಲೆನ್ಸಿನ ಚಾಲಕ ರಾವೂರಿನ ಮಲ್ಲಣ್ಣ ಎಂಬುವವರು. ಹಣೆ ತುಂಬ ವಿಭೂತಿ. ಎಂಜಿನ್ ಚಾಲೂ ಇಟ್ಟೇ ಒಳಗೆ ಬಂದರು. “ಐಸ್ ಎಲ್ಲಾ ನೀರಾಗ್ಲಿಕತ್ತದ್ರಿ ಪಾಸ್ಟರ್ ಸಾಬ. ಈಗ ಹೊಂಟಿಲ್ಲಂದ್ರ ಮುಂದಿಂದಕ್ಕ ನಾ ಜಿಮ್ಮೇದಾರ ಅಲ್ಲ ನೋಡ್ರಿ” ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ನಾನು ಸಾಂಗಿಯ ಪಕ್ಕ ನೆಲದ ಮೇಲೆ ಕುಳಿತೆ. ಅವಳು ನನ್ನ ಕಡೆ ನೋಡದೆ, ತನ್ನ ಹರಕು ಹಿಂದಿಯಲ್ಲಿ, “ಕಿಸೀ ನೇ ಗಾಯಾ ನಹೀ” ಎಂದಳು. ಯಾರೂ ಹಾಡಲಿಲ್ಲ ಎಂದು. ನನಗೆ ಮಾವಿಯ ಮಾತು ನೆನಪಾಯಿತು. ಈ ಹುಡುಗಿಯ ತಲೆ ಕೆಟ್ಟಿರಲಿಲ್ಲ. ಅವಳಿಗೆ ಬೇಕಾದದ್ದು ಏನೆಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಎದ್ದು ಬಂದು ಮಲ್ಲಣ್ಣನವರಿಗೆ, “ಸ್ವಲ್ಪ ನಿಂದ್ರಿ ಅಣ್ಣಾ. ಇವರಲ್ಲಿ ಹಾಡದ ಕಳಸಂಗಿಲ್ಲ” ಎಂದೆ.

“ಹಾಡ್ಲಿ ಬಿಡ್ರಿ, ಯಾರು ಬ್ಯಾಡ ಅಂದಾರ?”

“ಆಕಿ ಹಾಡೋದಲ್ರಿ. ಬಂದೋರು ಹಾಡಬೇಕು.”

ಅವರು ಪಾಸ್ಟರರನ್ನು ನೋಡಿದರು, ನಾಗಮ್ಮನನ್ನು ನೋಡಿದರು. ಆಮೇಲೆ ನನ್ನನ್ನು ಕೇಳಿದರು, “ನಿಮಗ ಬರ್ತದೇನ್ರಿ?”

“ಅರ್ಧಾ ಬರ್ತದ” ಎಂದೆ.

ಮಾವಿಗೆ ಫೋನು ಮಾಡಿದೆ. ಹತ್ತಲಿಲ್ಲ. ಇನ್ನು ಬೇರೆ ದಾರಿಯಿರಲಿಲ್ಲ. ವಾಪಸು ಹೋಗಿ ಕುಳಿತು, ಕಣ್ಣು ಮುಚ್ಚಿಕೊಂಡು, ಅವಳು ಕಲಿಸಿದ್ದ ಹಾಡಿನಲ್ಲಿ ನನಗೆ ಗೊತ್ತಿದ್ದ ಕೆಳದನಿಯನ್ನೇ ಹಾಡತೊಡಗಿದೆ. ವರ್ಷದಿಂದ ಹಾಡದ ಗಂಟಲು. ಮೊದಲ ಸಾಲಿಗೇ ದನಿ ಒಡೆಯಿತು. ಆ ಗೋಡೆಗಳ ನಡುವೆ ಅದು ನನಗೇ ವಿಚಿತ್ರವಾಗಿ ಕೇಳಿಸಿತು. ಒಮ್ಮೆ ಕಣ್ಣು ತೆರೆದಾಗ ಪಾಸ್ಟರ್ ತಲೆ ತಗ್ಗಿಸಿಕೊಂಡಿದ್ದರು. ರಾಗ ತಪ್ಪುತ್ತಿದೆ ಎಂದು ನನಗಾಗಿ ಸಂಕೋಚಪಡುತ್ತಿದ್ದಾರೆ ಎನ್ನಿಸಿತು. ಸಾಂಗಿ ಅಲುಗಲಿಲ್ಲ. ಅವಳ ಕೈ ತಮ್ಮನ ಪಾದದ ಮೇಲೆ ಹಾಗೆಯೇ ಇತ್ತು. ಒಂದು ಚರಣ ಪೂರ್ತಿ ಹಾಡಿದೆ. ಏನೂ ಆಗಲಿಲ್ಲ.

ನಾನು ತಪ್ಪು ಹಾಡು ಆರಿಸಿದೆನೇನೋ, ಉಚ್ಚಾರ ಕೆಟ್ಟು ಅವಳಿಗೆ ಗುರುತೇ ಸಿಗಲಿಲ್ಲವೇನೋ, ದುಃಖದ ಮನೆಯಲ್ಲಿ ಇದೆಂಥ ಅಪಚಾರ ಮಾಡುತ್ತಿದ್ದೇನೆ ಎಂದೆಲ್ಲ ಅನ್ನಿಸಿತು. ಎದ್ದುಬಿಡಬೇಕೆನ್ನಿಸಿತು. ಹಾಗೆ ಅನ್ನಿಸುತ್ತಿದ್ದಂತೆಯೇ, ನಿಲ್ಲಿಸಲು ಧೈರ್ಯ ಸಾಲದೆಯೋ ಏನೋ, ಎರಡನೆಯ ಚರಣ ಎತ್ತಿಕೊಂಡೆ.

ಅದರ ಎರಡನೆಯ ಸಾಲಿನಲ್ಲಿ ನನ್ನ ಪಕ್ಕದಿಂದ ಒಂದು ದನಿ ಬಂದಿತು. ತೀರಾ ಸಣ್ಣ ದನಿ, ನೀರು ಕಾಣದ ಗಂಟಲಿನದು. ಮುಖ್ಯ ರಾಗ. ನನ್ನ ದನಿಯ ಮೇಲೆ ಬಂದು ಅದು ಸರಿಯಾಗಿ ಕೂತಿತು. ಅದುವರೆಗೆ ಗುನುಗಿನಂತಿದ್ದುದು ಹಾಡಾಯಿತು. ನಾನು ಕಣ್ಣು ತೆರೆಯಲಿಲ್ಲ. ತೆರೆದರೆ ಅವಳು ನಿಲ್ಲಿಸಿಬಿಡುತ್ತಾಳೆಂದು ಹೆದರಿಕೆ.

ಮೂರನೆಯ ಚರಣಕ್ಕೆ ಬಂದಾಗ ನನಗೆ ಮಾತುಗಳು ಮರೆತುಹೋದವು. ರಾಗ ಮಾತ್ರ ಹಿಡಿದುಕೊಂಡು ಹೋದೆ. ಅವಳು ಮಾತುಗಳನ್ನು ಸ್ಪಷ್ಟವಾಗಿ, ತಮ್ಮನಿಗೆ ಕೇಳಿಸಲೆಂಬಂತೆ ಹಾಡಿದಳು. ನಡುವೆ ಎರಡು ಸಲ ಅವಳ ದನಿ ಕಟ್ಟಿತು. ಎರಡೂ ಸಲ ನಾನು ನಿಲ್ಲಿಸಲಿಲ್ಲ, ಎರಡೂ ಸಲ ಅವಳು ಮರಳಿ ಬಂದಳು.

ಹಾಡು ಮುಗಿದಾಗ ಹೊರಗೆ ಎಂಜಿನಿನ ಸದ್ದು ಇರಲಿಲ್ಲ. ಮಲ್ಲಣ್ಣನವರು ಅದನ್ನು ಯಾವಾಗ ಬಂದ್ ಮಾಡಿದ್ದರೋ ಗೊತ್ತಿಲ್ಲ. ಚಪ್ಪಲಿ ಬಿಟ್ಟು, ಹೊಸ್ತಿಲ ಆಚೆ ಕೈಮುಗಿದು ಕುಳಿತಿದ್ದರು. ಸಾಂಗಿ ತಾನೇ ತಮ್ಮನ ಪಾದಗಳ ಮೇಲೆ ಬಟ್ಟೆ ಸರಿಮಾಡಿ ಎದ್ದು ನಿಂತಳು. ನಾಗಮ್ಮ ಕೊಟ್ಟ ನೀರನ್ನು ಒಂದೇ ಸಲಕ್ಕೆ ಕುಡಿದಳು.

ಶವವನ್ನು ಗಾಡಿಯಲ್ಲಿ ಇಟ್ಟರು. ಹೈದರಾಬಾದಿನವರೆಗೆ ಪಾಸ್ಟರ್ ಜೊತೆಗೆ ಹೋಗುವುದೆಂದಾಯಿತು. ಮಲ್ಲಣ್ಣನವರು ನನ್ನನ್ನು ಸ್ವಲ್ಪ ಈಚೆಗೆ ಕರೆದರು. “ನಮ್ಮಲ್ಲೂ ಭಜನಿ ಆಗದ ಎತ್ತಂಗಿಲ್ರಿ ಟೀಚರ್. ಮೊದಲೇ ಹೇಳಿದ್ರ ನಾ ಯಾಕ ಅವಸರ ಮಾಡ್ತಿದ್ದೆ?” ಎಂದರು. ಆಮೇಲೆ ತುಸು ಹಿಂಜರಿದು, “ಹಾದ್ಯಾಗ ನಾ ಎರಡು ಪದ ಹಾಡಿದ್ರ ನಡೀತದೇನು ಕೇಳ್ರಿ ಆಕಿಗಿ. ನನಗ ಬರೋದು ನಮ್ಮ ಭಜನಿ ಪದಾನೇ” ಎಂದರು.

ನಾನು ಸಾಂಗಿಗೆ ಹಿಂದಿಯಲ್ಲಿ ಹೇಳಿದೆ. ಅವಳು ಅವರ ವಿಭೂತಿಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿ ಆಗಲಿ ಎಂದು ತಲೆಯಾಡಿಸಿದಳು. ಹತ್ತುವ ಮುಂಚೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಬಿಟ್ಟಳು. ನನ್ನ ಹೆಸರು ಕೇಳಲಿಲ್ಲ. ನಾನೂ ಅವಳ ಫೋನ್ ನಂಬರು ಕೇಳಲಿಲ್ಲ. ಆಮೇಲೆ ಅವಳ ಸುದ್ದಿ ತಿಳಿದಿಲ್ಲ.

ಸೇಡಂ ದಾಟಿದ ಮೇಲೆ ಮಲ್ಲಣ್ಣ ಹಾಡಲು ಶುರುಮಾಡಿದರು, ಗಡಿ ದಾಟಿ ತೆಲುಗಿನ ಬೋರ್ಡುಗಳು ಬರುವವರೆಗೂ ನಿಲ್ಲಿಸಲಿಲ್ಲ ಎಂದು ಪಾಸ್ಟರ್ ಮರುದಿನ ಹೇಳಿದರು. ಪಾಸ್ಟರೂ ಜೊತೆಗೆ ಹಾಡಿದರೇ ಎಂದು ಕೇಳಬೇಕೆನ್ನಿಸಿತು.

ಮುಂದಿನ ಭಾನುವಾರ ಅವರು ಚರ್ಚಿನಲ್ಲಿ ಈ ವಿಷಯ ಎತ್ತಲಿಲ್ಲ. ನಾನೇ ಬೇಡವೆಂದು ಕೇಳಿಕೊಂಡಿದ್ದೆ. ಆದರೆ ಸೋದರತ್ತೆಗೆ ಹೇಗೋ ಗೊತ್ತಾಗಿತ್ತು. ನಾನು ಕೊನೆಯ ಸಾಲಿಗೆ ಹೋಗುತ್ತಿದ್ದಾಗ ತಮ್ಮ ಪಕ್ಕದಲ್ಲಿದ್ದ ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ನಾನು ಅಲ್ಲಿ ಕುಳಿತೆ. ಈಗಲೂ ಅಲ್ಲೇ ಕೂರುತ್ತೇನೆ, ಮೆಲ್ಲಗೆ ನನ್ನ ದನಿಯಲ್ಲೇ ಹಾಡುತ್ತೇನೆ. ಅತ್ತೆ ತಮ್ಮ ರಾಗ ಬಿಡುವುದಿಲ್ಲ.

ಉತ್ತರ ಬಾರದ ಆ ಮೊದಲ ಚರಣ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಅಲ್ಲಿಗೇ ನಿಲ್ಲಿಸಿದ್ದರೆ ಆ ಹುಡುಗಿ ತಮ್ಮನನ್ನು ಹೇಗೆ ಕಳಿಸಿಕೊಡುತ್ತಿದ್ದಳೋ ಎಂದು ಈಗಲೂ ಯೋಚಿಸುತ್ತೇನೆ. ಆ ವಾರವೇ ಮಾವಿ ಫೋನಿಗೆ ಸಿಕ್ಕಳು. ಅವಳಿಂದ ಮೂರನೆಯ ಚರಣದ ಮಾತುಗಳನ್ನು ಹೇಳಿಸಿಕೊಂಡು ಬಾಯಿಪಾಠ ಮಾಡಿದ್ದೇನೆ. ಅವು ಮತ್ತೆ ಬೇಕಾಗದಿರಲಿ ಎಂದು ಪ್ರಾರ್ಥಿಸುತ್ತೇನೆ. ಬೇಕಾದರೆ ಮಾತ್ರ ಈ ಸಲ ಮರೆಯುವುದಿಲ್ಲ.